ಹಳೇ ಇಂಟರ್‌ಕಾಂ ವೈರಿಗೆ ವಿಡಿಯೋ ಡೋರ್‌ಬೆಲ್ ಸಿಕ್ಕಿಸಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

“ಹಳೇ ಇಂಟರ್‌ಕಾಂ ಬಿಚ್ಚಿ ಹಾಕಿ. ಅದೇ ಎರಡು ವೈರಿಗೆ ವಿಡಿಯೋ ಡೋರ್‌ಬೆಲ್ ಸಿಕ್ಕಿಸಿ. ಎಲೆಕ್ಟ್ರಿಷಿಯನ್ ಬೇಡ, ಹತ್ತೇ ನಿಮಿಷದ ಕೆಲಸ.” ಇಂಥ ಧಾಟಿಯ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ, ಚಿಕ್ಕ ವಿಡಿಯೋಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ನೋಡಿದವರಿಗೆ ಆಸೆಯಾಗುವುದು ಸಹಜ. ಬಾಗಿಲ ಬಳಿ ಯಾರು ನಿಂತಿದ್ದಾರೆಂದು ಕೂತಲ್ಲೇ ಕಾಣುತ್ತದೆ, ಪಾರ್ಸೆಲ್ ತಂದವರಿಗೆ ಆಫೀಸಿನಿಂದಲೇ ಉತ್ತರ ಕೊಡಬಹುದು, ಊರಲ್ಲಿರುವ ಅಪ್ಪ ಅಮ್ಮನ ಮನೆಗೆ ಯಾರು ಬಂದರೆಂದು ತಿಳಿಯುತ್ತದೆ.

ಹಾಗಾದರೆ ಈ ಸಲಹೆ ನಿಜವೇ? ಚಿಕ್ಕ ಉತ್ತರ: ಕೆಲವು ಮನೆಗಳಲ್ಲಿ ನಿಜ, ಹಲವು ಮನೆಗಳಲ್ಲಿ ಅರ್ಧ ನಿಜ, ಕೆಲವು ಮನೆಗಳಲ್ಲಿ ಜೀವಕ್ಕೇ ಅಪಾಯ. ನಿಮ್ಮ ಗೋಡೆಯಿಂದ ಹೊರಬಂದಿರುವ ವೈರಿನಲ್ಲಿ ಏನು ಹರಿಯುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೊಂದೇ ಮಾತನ್ನು ಪರೀಕ್ಷಿಸೋಣ.

ಮೊದಲು, ‘ವೈರ್ಡ್’ ಅಂದರೇನು?

ಡಬ್ಬಿಯ ಮೇಲೆ ‘ವೈರ್ಡ್’ ಎಂದು ಬರೆದಿದ್ದರೂ ಒಳಗಿರುವ ಸಾಧನಗಳು ಬೇರೆ ಬೇರೆ ಜಾತಿಯವು. ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ವೈಫೈ ಡೋರ್‌ಬೆಲ್. ಇದರಲ್ಲಿ ವೈರು ಬರೀ ಕರೆಂಟಿಗೆ. ಚಿತ್ರ, ಮಾತು ಎಲ್ಲವೂ ವೈಫೈ ಮೂಲಕ ಮೊಬೈಲಿಗೆ ಹೋಗುತ್ತವೆ. ಆದ್ದರಿಂದ ‘ವೈರ್ಡ್’ ಎಂದಮಾತ್ರಕ್ಕೆ ವೈಫೈ ಬೇಡ ಎಂದಲ್ಲ. ವೈಫೈ ನಿಂತರೆ ಮೊಬೈಲಿನಲ್ಲಿ ಚಿತ್ರವೂ ಇಲ್ಲ, ಮಾತೂ ಇಲ್ಲ.

ಎರಡನೆಯದು ಮಾನಿಟರ್ ಇರುವ ವಿಡಿಯೋ ಡೋರ್ ಫೋನ್. ಬಾಗಿಲಾಚೆ ಕ್ಯಾಮೆರಾ, ಒಳಗೆ ಗೋಡೆಯ ಮೇಲೆ ಪುಟ್ಟ ಪರದೆ. ಹಳೆಯ ಅನಲಾಗ್ ಮಾದರಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ವೈರು: ಕರೆಂಟಿಗೊಂದು, ಗ್ರೌಂಡಿಗೊಂದು, ಧ್ವನಿಗೊಂದು, ಚಿತ್ರಕ್ಕೊಂದು. ಎರಡೇ ವೈರಿನಲ್ಲಿ ಎಲ್ಲವನ್ನೂ ಹರಿಸುವ ಡಿಜಿಟಲ್ ವ್ಯವಸ್ಥೆಗಳೂ ಇವೆ. ಅವುಗಳಲ್ಲಿ ಕ್ಯಾಮೆರಾ, ಮಾನಿಟರ್, ಪವರ್ ಸಪ್ಲೈ ಮೂರೂ ಒಂದೇ ಕಂಪನಿಯ, ಒಂದಕ್ಕೊಂದು ಹೊಂದುವ ಸೆಟ್ ಆಗಿರಬೇಕು.

ಮೂರನೆಯದು ಲ್ಯಾನ್ ಕೇಬಲಿನಲ್ಲಿ ನಡೆಯುವಂಥದ್ದು. ಒಂದೇ ಕೇಬಲಿನಲ್ಲಿ ಇಂಟರ್ನೆಟ್ಟೂ ಕರೆಂಟೂ ಬರುತ್ತವೆ. ಇದಕ್ಕೆ ‘ಪವರ್ ಓವರ್ ಇಥರ್ನೆಟ್’ ಎಂದು ಹೆಸರು. 2003ರಲ್ಲಿ ಬಂದ ಇದರ ಮೊದಲ ಮಾನದಂಡದಂತೆ 100 ಮೀಟರ್ ದೂರದವರೆಗೆ, ಒಂದು ಪೋರ್ಟಿನಿಂದ 15.4 ವಾಟ್ ವರೆಗೆ ಕೊಡಬಹುದು. ಹೊಸ ಮನೆ ಕಟ್ಟುತ್ತಿರುವವರಿಗೆ, ಗೋಡೆ ಇನ್ನೂ ಪ್ಲಾಸ್ಟರ್ ಆಗದವರಿಗೆ ಇದು ಒಳ್ಳೆಯ ದಾರಿ.

ಯಾವ ಬಗೆಯದು ಎಂದು ಹೇಳದೆ ‘ಎರಡು ವೈರು ಸಾಕು’ ಎನ್ನುವ ಫಾರ್ವರ್ಡಿಗೆ ಅರ್ಥವೇ ಇಲ್ಲ.

ಮಾತು 1: “ಬೆಲ್ಲಿನ ವೈರು ಶಾಕ್ ಹೊಡೆಯೋದಿಲ್ಲ, ಧೈರ್ಯವಾಗಿ ಬಿಚ್ಚಿ”

ಸುಳ್ಳು. ಅಪಾಯಕಾರಿ ಸುಳ್ಳು.

ಇದು ಹುಟ್ಟುವುದು ಅಮೆರಿಕದ ವಿಡಿಯೋಗಳಿಂದ. ಅಲ್ಲಿ ಸಾಮಾನ್ಯ ಮನೆಗಳಲ್ಲಿ ಡೋರ್‌ಬೆಲ್ಲಿಗೆ ಪ್ರತ್ಯೇಕವಾಗಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಬಾಗಿಲ ಗುಂಡಿಗೆ ಬರುವುದು 16 ವೋಲ್ಟಿನ ಆಸುಪಾಸಿನ ಎಸಿ ಕರೆಂಟು. ಮುಟ್ಟಿದರೂ ಸಾಮಾನ್ಯವಾಗಿ ಏನೂ ಆಗದು.

ನಮ್ಮಲ್ಲಿ ಕಥೆ ಬೇರೆ. ನಮ್ಮ ಬಹುತೇಕ ಮನೆಗಳ ಕಾಲಿಂಗ್ ಬೆಲ್ ನೇರವಾಗಿ 230 ವೋಲ್ಟಿನಲ್ಲಿ ನಡೆಯುತ್ತದೆ. ಬಾಗಿಲ ಪಕ್ಕದ ಬೆಲ್ ಸ್ವಿಚ್ಚಿನ ಹಿಂದೆ ಇರುವುದು ಲೈಟು, ಫ್ಯಾನಿಗೆ ಹೋಗುವ ಫೇಸ್ ವೈರೇ. ಹೊರಗೋಡೆ, ಮಳೆ, ಒದ್ದೆ ಕಾಲು, ಅದರ ಜೊತೆ 230 ವೋಲ್ಟ್: ಜೀವ ಹೋಗಲು ಇಷ್ಟು ಸಾಕು.

ಇನ್ನೊಂದು ತೊಡಕಿದೆ. ಬೆಲ್ ಸ್ವಿಚ್ಚಿಗೆ ಬಂದಿರುವ ಎರಡು ವೈರುಗಳಲ್ಲಿ ಒಂದು ಫೇಸ್, ಇನ್ನೊಂದು ಒಳಗಿನ ಬೆಲ್ಲಿಗೆ ವಾಪಸ್ ಹೋಗುವ ವೈರು. ನ್ಯೂಟ್ರಲ್ ಅಲ್ಲಿಗೆ ಬಂದೇ ಇರುವುದಿಲ್ಲ. ಅಂದರೆ ಅಲ್ಲಿ ಎರಡು ವೈರು ಕಂಡರೂ ಅದು ಸಾಧನಕ್ಕೆ ಕರೆಂಟು ಕೊಡುವ ಜೋಡಿಯಲ್ಲ. ಕಡಿಮೆ ವೋಲ್ಟಿನ ಡೋರ್‌ಬೆಲ್ಲನ್ನು ಅಲ್ಲಿ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು, ಅದನ್ನು ಒತ್ತಿದವರಿಗೂ ಶಾಕ್ ತಗಲಬಹುದು.

ಹಳೇ ಆಡಿಯೋ ಇಂಟರ್‌ಕಾಂ ವೈರಿನ ಮಾತು ಬೇರೆ. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟಿನಂಥ ಕಡಿಮೆ ಡಿಸಿ ಕರೆಂಟು ಇರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಇಂಟರ್‌ಕಾಂ ಮತ್ತು ಬೆಲ್ ಸ್ವಿಚ್ಚು ಒಂದೇ ಬಾಕ್ಸಿನಲ್ಲಿ ಕೂತಿರುತ್ತವೆ. ಯಾವ ವೈರು ಯಾವುದರದೆಂದು ಬಣ್ಣ ನೋಡಿ ಹೇಳಲಾಗದು, ಏಕೆಂದರೆ ಕೈಗೆ ಸಿಕ್ಕ ಬಣ್ಣದ ವೈರು ಎಳೆದು ಮುಗಿಸಿದ ಮನೆಗಳು ಬೇಕಾದಷ್ಟಿವೆ.

ಟೆಸ್ಟರ್ ಸ್ಕ್ರೂಡ್ರೈವರ್ ಇಟ್ಟಾಗ ದೀಪ ಹೊತ್ತಲಿಲ್ಲ ಎಂದು ಕೈ ಹಾಕಬೇಡಿ. ಟೆಸ್ಟರ್ ಕೆಟ್ಟಿರಬಹುದು, ನೀವು ನಿಂತ ಜಾಗದಿಂದಲೂ ದೀಪ ಮಂಕಾಗಿ ಕಾಣದೆ ಹೋಗಬಹುದು. 12 ವೋಲ್ಟ್ ಇದ್ದರಂತೂ ಅದು ಹೊತ್ತುವುದೇ ಇಲ್ಲ. ಮೇನ್ ಆಫ್ ಮಾಡಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಅದನ್ನೂ ಆಫ್ ಮಾಡಬೇಕು, ಇಲ್ಲವಾದರೆ ಮೇನ್ ಇಳಿಸಿದ ಮೇಲೂ ಕೆಲವು ವೈರಿನಲ್ಲಿ 230 ವೋಲ್ಟ್ ಇರುತ್ತದೆ. ಆಮೇಲೆ ಮಲ್ಟಿಮೀಟರಿನಲ್ಲಿ ಅಳೆಯಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ.

ಮಾತು 2: “ಅಮೆರಿಕದಿಂದ ತಂದದ್ದಕ್ಕೆ ಪ್ಲಗ್ ಬದಲಿಸಿದರೆ ಆಯ್ತು”

ಸುಳ್ಳು.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಡೋರ್‌ಬೆಲ್ ತರುವುದುಂಟು. ಅಲ್ಲಿನ ಹಲವು ವೈರ್ಡ್ ಮಾದರಿಗಳು ಕೇಳುವುದು 16ರಿಂದ 24 ವೋಲ್ಟ್ ಎಸಿ. ನಮ್ಮ ಇಂಟರ್‌ಕಾಂ ಅಡಾಪ್ಟರ್ ಕೊಡುವುದು 12 ವೋಲ್ಟ್ ಡಿಸಿ. ಎರಡೂ ಹೊಂದುವುದಿಲ್ಲ. ಕೆಲವು ಸಾಧನ ಎಸಿ, ಡಿಸಿ ಎರಡನ್ನೂ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಸಾಧನದ ಹಿಂಬದಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಿರುವುದೇ ಕೊನೆಯ ಮಾತು.

ಜೊತೆಗೆ ಅಲ್ಲಿಂದಲೇ ಟ್ರಾನ್ಸ್‌ಫಾರ್ಮರ್ ತಂದರೆ ಇನ್ನೂ ತೊಂದರೆ. ಅದು 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ಹಾಕಿದರೆ ಹೊರಬರುವ ವೋಲ್ಟೇಜೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಟ್ರಾನ್ಸ್‌ಫಾರ್ಮರ್ ವಿಪರೀತ ಕಾದು ಸುಡುತ್ತದೆ. ಸಾಧನ ತಂದರೂ ಟ್ರಾನ್ಸ್‌ಫಾರ್ಮರನ್ನು ಇಲ್ಲಿಯೇ ಕೊಳ್ಳಿ. ಅದರ ಮೇಲೆ ಇನ್‌ಪುಟ್ 230 ವೋಲ್ಟ್, 50 ಹರ್ಟ್ಜ್ ಎಂದಿರಲಿ. ಔಟ್‌ಪುಟ್ ವೋಲ್ಟೇಜೂ ವಿಎ ಲೆಕ್ಕವೂ ಸಾಧನ ಕೇಳಿದಷ್ಟೇ ಇರಲಿ.

ಮಾತು 3: “ಇಂಟರ್‌ಕಾಂ ವೈರು ಇದ್ದರೆ ಹೊಸ ವೈರು ಬೇಡ”

ಭಾಗಶಃ ನಿಜ. ದೂರ ಎಷ್ಟು, ವೈರು ಎಷ್ಟು ದಪ್ಪ ಎಂಬುದರ ಮೇಲಿದೆ.

ಹಳೇ ಇಂಟರ್‌ಕಾಂಗಳಿಗೆ ಟೆಲಿಫೋನ್ ವೈರೇ ಎಳೆದಿರುವುದು ಹೆಚ್ಚು. ಅದರ ಒಂದೊಂದು ತಾಮ್ರದ ಎಳೆ ಅರ್ಧ ಮಿಲಿಮೀಟರ್ ದಪ್ಪ, ಇಲ್ಲವೇ ಅದಕ್ಕಿಂತಲೂ ತೆಳು. ಮಾತು ಕೇಳಿಸಲು ಅಷ್ಟು ಸಾಕಿತ್ತು. ವಿಡಿಯೋ ಡೋರ್‌ಬೆಲ್ಲಿಗೆ ಹೆಚ್ಚು ಕರೆಂಟು ಬೇಕು.

ಒಂದು ಲೆಕ್ಕ ನೋಡೋಣ. ಗೇಟಿನಿಂದ ಹಾಲಿಗೆ 20 ಮೀಟರ್ ವೈರು ಎಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ 40 ಮೀಟರ್. ಅರ್ಧ ಮಿಲಿಮೀಟರ್ ತಾಮ್ರದಲ್ಲಿ ಇಷ್ಟು ಉದ್ದಕ್ಕೆ ಸುಮಾರು 3.6 ಓಮ್ ತಡೆ. ಸಾಧನ ಅರ್ಧ ಆಂಪಿಯರ್ ಎಳೆದರೆ ದಾರಿಯಲ್ಲೇ 1.8 ವೋಲ್ಟ್ ಖರ್ಚಾಗುತ್ತದೆ. ಮನೆಯಿಂದ ಹೊರಟ 12 ವೋಲ್ಟ್ ಗೇಟಿಗೆ ಮುಟ್ಟುವಾಗ 10.2. ವೈರು 0.4 ಮಿಲಿಮೀಟರ್ ಆಗಿದ್ದರೆ ಮುಟ್ಟುವುದು 9.2 ವೋಲ್ಟ್ ಮಾತ್ರ.

“ಹಗಲೆಲ್ಲ ಸರಿ ಇರತ್ತೆ, ರಾತ್ರಿ ಆಫ್ ಆಗಿ ಆನ್ ಆಗತ್ತೆ” ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ, ಎಳೆಯುವ ಕರೆಂಟು ಏರುತ್ತದೆ, ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ, ಸಾಧನ ಸತ್ತು ಮತ್ತೆ ಎದ್ದೇಳುತ್ತದೆ. ಡೋರ್‌ಬೆಲ್ ಕೆಟ್ಟಿದೆ ಎಂದು ವಾಪಸ್ ಕೊಟ್ಟು ಇನ್ನೊಂದು ತಂದರೂ ಅದೇ ಪಾಡು. ಆಗ ಬದಲಾಗಬೇಕಾದದ್ದು ವೈರು.

24 ವೋಲ್ಟಿನ ಸಾಧನವಾದರೆ ಅದೇ 6 ವಾಟಿಗೆ ಕಾಲು ಆಂಪಿಯರ್ ಸಾಕು, ದಾರಿಯಲ್ಲಿ ಕಳೆಯುವುದು 0.9 ವೋಲ್ಟ್ ಮಾತ್ರ. ಹಾಗೆಂದು 12 ವೋಲ್ಟಿನ ಸಾಧನಕ್ಕೆ 24 ವೋಲ್ಟಿನ ಅಡಾಪ್ಟರ್ ಹಾಕಬೇಡಿ. ಹೊಗೆ ಬರುತ್ತದೆ.

ಚಿತ್ರವನ್ನೂ ವೈರಿನಲ್ಲೇ ಹರಿಸುವ ಮಾನಿಟರ್ ಮಾದರಿಗಳಲ್ಲಿ ಇನ್ನೊಂದು ಸಮಸ್ಯೆ. ಟೆಲಿಫೋನಿನ ಮಾತು ಸುಮಾರು 3400 ಹರ್ಟ್ಜ್ ಒಳಗೆ ಮುಗಿಯುತ್ತದೆ. ಅನಲಾಗ್ ಚಿತ್ರ 50 ಲಕ್ಷ ಹರ್ಟ್ಜ್ ವರೆಗೂ ಹರಡಿಕೊಂಡಿರುತ್ತದೆ. ಅಂದರೆ ಸಾವಿರ ಪಟ್ಟಿಗೂ ಮೇಲು. ಪಕ್ಕಪಕ್ಕ ನೇರವಾಗಿ ಓಡುವ ಸಾದಾ ವೈರಿನಲ್ಲಿ ದೂರ ಹೆಚ್ಚಿದಂತೆ ಚಿತ್ರದಲ್ಲಿ ನೆರಳು, ಗೆರೆ, ಸ್ಪೀಕರಿನಲ್ಲಿ ಗುಂಯ್ ಸದ್ದು ಬರುವುದು ಇದಕ್ಕೇ. ಜೊತೆಜೊತೆಯಾಗಿ ಹೆಣೆದಿರುವ ಲ್ಯಾನ್ ಕೇಬಲ್ ಅಥವಾ ಕ್ಯಾಮೆರಾ ಕೇಬಲ್ ಬೇಕಾಗುತ್ತದೆ.

ಸಮಾಧಾನದ ವಿಷಯವೂ ಇದೆ. ಗೋಡೆಯೊಳಗೆ ಪೈಪು ಹಾಕಿ ವೈರು ಎಳೆದಿದ್ದರೆ, ಹಳೇ ವೈರಿನ ತುದಿಗೆ ಹೊಸ ಕೇಬಲ್ ಕಟ್ಟಿ ಎಳೆದುಕೊಳ್ಳಬಹುದು. ಗೋಡೆ ಒಡೆಯಬೇಕಿಲ್ಲ. ಆದರೆ 230 ವೋಲ್ಟಿನ ವೈರು ಹೋಗುವ ಪೈಪಿನಲ್ಲೇ ಲ್ಯಾನ್ ಕೇಬಲ್ ತೂರಿಸಬಾರದು.

ಮಾತು 4: “ಡೋರ್‌ಬೆಲ್ ಬಂದ ಮೇಲೆ ಇಂಟರ್‌ಕಾಂ ಯಾಕೆ?”

ಸ್ವಂತ ಮನೆಯಾದರೆ ಒಪ್ಪಬಹುದು. ಅಪಾರ್ಟ್‌ಮೆಂಟಾದರೆ ತಪ್ಪು.

ಅಪಾರ್ಟ್‌ಮೆಂಟಿನ ಇಂಟರ್‌ಕಾಂ ನಿಮ್ಮೊಬ್ಬರದಲ್ಲ. ಅದು ಗೇಟಿನ ಸೆಕ್ಯುರಿಟಿಯನ್ನೂ ಎಲ್ಲ ಮನೆಗಳನ್ನೂ ಜೋಡಿಸುವ ಜಾಲ. ಕೆಲವು ಕಟ್ಟಡಗಳಲ್ಲಿ ಒಂದೇ ಸಾಲಿನ ವೈರಿನ ಮೇಲೆ ಹಲವು ಮನೆಗಳ ಹ್ಯಾಂಡ್‌ಸೆಟ್ ಕೂತಿರುತ್ತವೆ. ನಿಮ್ಮ ಮನೆಯಲ್ಲಿ ಬಿಚ್ಚಿದ ತುದಿಗಳು ಒಂದಕ್ಕೊಂದು ತಾಗಿದರೆ ಇಡೀ ಸಾಲೇ ಮೂಕವಾಗಬಹುದು. ಆ ವೈರಿಗೆ ಹೊರಗಿನ ಅಡಾಪ್ಟರಿನ ಕರೆಂಟು ಕೊಟ್ಟರೆ ಎಲ್ಲರ ಹ್ಯಾಂಡ್‌ಸೆಟ್ಟೂ ಕೆಡಬಹುದು. ಆದ್ದರಿಂದ ಅಸೋಸಿಯೇಷನ್‌ಗೆ ತಿಳಿಸದೆ ಮುಟ್ಟಬೇಡಿ.

ಇನ್ನೂ ಮುಖ್ಯವಾದದ್ದು ಮನೆಯಲ್ಲಿರುವ ಹಿರಿಯರು. ಗೋಡೆಯ ಹ್ಯಾಂಡ್‌ಸೆಟ್ ಎತ್ತಿ ಒಂದು ಗುಂಡಿ ಒತ್ತಿದರೆ ಸೆಕ್ಯುರಿಟಿಗೆ ಕರೆ ಹೋಗುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಡ, ಚಾರ್ಜ್ ಬೇಡ, ಇಂಟರ್ನೆಟ್ ಬೇಡ. ಕಟ್ಟಡದ ಎಕ್ಸ್‌ಚೇಂಜಿಗೆ ಬ್ಯಾಟರಿ ಇದ್ದರೆ ಕರೆಂಟು ಹೋದಾಗಲೂ ನಡೆಯುತ್ತದೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರೆ ಅಜ್ಜನ ಕೈಗೆ ಮೊದಲು ಸಿಗುವುದು ಅದೇ. ಮಗಳ ಮೊಬೈಲಿನಲ್ಲಿ ಬಾಗಿಲ ಚಿತ್ರ ಕಂಡರೂ ಅವಳು ಬೇರೆ ಊರಿನಲ್ಲಿರುತ್ತಾಳೆ.

ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಇಂಟರ್‌ಕಾಂ ಇದ್ದಂತೆ ಇರಲಿ, ವಿಡಿಯೋ ಡೋರ್‌ಬೆಲ್ ಅದರ ಜೊತೆಗೆ ಬರಲಿ. ಹಿರಿಯರಷ್ಟೇ ಇರುವ ಮನೆಗೆ ಆ್ಯಪ್ ಮಾತ್ರ ನಂಬಿರುವ ಸಾಧನ ಬೇಡ. ಒಳಗೆ ಬೆಲ್ ಸದ್ದು ಮಾಡುವ, ಗೋಡೆಯ ಮೇಲೆ ಪರದೆ ಇರುವ ಮಾದರಿ ಒಳ್ಳೆಯದು. ಡೋರ್‌ಬೆಲ್ಲಿನ ಅಡಾಪ್ಟರ್, ವೈಫೈ ರೂಟರ್ ಎರಡನ್ನೂ ಇನ್ವರ್ಟರ್ ಸಾಲಿಗೆ ಹಾಕಿಸಿ. ಒಂದನ್ನು ಮಾತ್ರ ಹಾಕಿಸಿದರೆ ಪ್ರಯೋಜನವಿಲ್ಲ.

ಮಾತು 5: “ಗೇಟಿನ ಲಾಕೂ ಇದಕ್ಕೇ ಜೋಡಿಸಬಹುದು”

ಎಲ್ಲದಕ್ಕೂ ಆಗುವುದಿಲ್ಲ. ಆದರೂ ಎಚ್ಚರ ಬೇಕು.

ಹಳೇ ಇಂಟರ್‌ಕಾಂನಲ್ಲಿ ಗುಂಡಿ ಒತ್ತಿದರೆ ಗೇಟಿನ ಲಾಕು ‘ಟಕ್’ ಎಂದು ತೆರೆಯುತ್ತಿದ್ದರೆ, ಹೊಸ ಸಾಧನದಲ್ಲಿ ಆ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ. ಹಲವು ವೈಫೈ ಡೋರ್‌ಬೆಲ್‌ಗಳಲ್ಲಿ ಅದು ಇಲ್ಲ. ಹಾಕಿಸಿದ ಮೇಲೆ ಗೊತ್ತಾದರೆ ಪ್ರತಿ ಸಲವೂ ಗೇಟಿನವರೆಗೆ ನಡೆಯಬೇಕು.

ಸೌಲಭ್ಯ ಇದ್ದರೆ, ಲಾಕು ತೆರೆಯುವ ಸ್ವಿಚ್ಚು ಎಲ್ಲಿ ಕೂತಿದೆ ಎಂದು ನೋಡಿ. ಅದು ಬಾಗಿಲಾಚೆಯ ಯೂನಿಟ್ಟಿನೊಳಗೇ ಇದ್ದರೆ, ಕಳ್ಳ ಆ ಯೂನಿಟ್ಟನ್ನು ಕಿತ್ತು ಎರಡು ವೈರು ತಾಗಿಸಿದರೂ ಲಾಕು ತೆರೆದುಕೊಳ್ಳಬಹುದು. ಲಾಕಿನ ರಿಲೇ ಮನೆಯೊಳಗೆ ಇರಬೇಕು. ಕರೆಂಟು ಹೋದಾಗ ಲಾಕು ತಾನಾಗಿ ತೆರೆಯುತ್ತದೆಯೋ ಮುಚ್ಚಿಯೇ ಇರುತ್ತದೆಯೋ ಎಂದೂ ತಿಳಿದುಕೊಳ್ಳಿ. ಮುಚ್ಚಿಯೇ ಇರುವುದಾದರೆ ಒಳಗಿನಿಂದ ಕೈಯಲ್ಲಿ ತೆರೆಯುವ ದಾರಿ ಇರಲೇಬೇಕು. ಬೆಂಕಿ ಬಿದ್ದಾಗ ಆ್ಯಪ್ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ.

ಮಾತು 6: “ನಮ್ಮ ಬಾಗಿಲು, ನಮ್ಮ ಕ್ಯಾಮೆರಾ, ಯಾರನ್ನು ಕೇಳಬೇಕು?”

ಅಷ್ಟು ಸರಳವಲ್ಲ.

ಎದುರುಬದಿರು ಬಾಗಿಲುಗಳಿರುವ ಮನೆಗಳಲ್ಲಿ ನಿಮ್ಮ ಡೋರ್‌ಬೆಲ್ ನೋಡುವುದು ಪಕ್ಕದವರ ಹೊಸ್ತಿಲನ್ನೂ ಹೌದು. ಅವರು ಯಾವಾಗ ಹೋದರು, ಯಾರು ಬಂದರು, ಏನು ಮಾತಾಡಿದರು ಎಲ್ಲವೂ ದಾಖಲಾಗುತ್ತದೆ. 2021ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯ, ವಿಡಿಯೋ ಡೋರ್‌ಬೆಲ್ ಮತ್ತು ಕ್ಯಾಮೆರಾ ಹಾಕಿಸಿದ್ದ ಮನೆಯವರ ವಿರುದ್ಧ ಅವರ ನೆರೆಯವರ ಪರವಾಗಿ ತೀರ್ಪು ಕೊಟ್ಟಿತು. ಬಹಳ ದೂರದ ಮಾತೂ ದಾಖಲಾಗುತ್ತಿದ್ದುದನ್ನು ಆ ತೀರ್ಪು ವಿಶೇಷವಾಗಿ ಆಕ್ಷೇಪಿಸಿತ್ತು. ಅದು ಅಲ್ಲಿನ ಕಾನೂನು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶಕ್ಕೆ ಅನ್ವಯಿಸುವುದಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಕಾನೂನಿಗಿಂತ ಮೊದಲು ನೆರೆಹೊರೆ ಇದೆ. ಹಾಕಿಸುವ ಮುಂಚೆ ಪಕ್ಕದವರಿಗೆ ಒಂದು ಮಾತು ಹೇಳಿ. ಅವರ ಬಾಗಿಲು ಕಾಣದಂತೆ ಕ್ಯಾಮೆರಾ ತಿರುಗಿಸಿ. ಆ ಭಾಗವನ್ನು ಮರೆಮಾಡುವ ಆಯ್ಕೆ ಹಲವು ಆ್ಯಪ್‌ಗಳಲ್ಲಿದೆ. ಧ್ವನಿ ದಾಖಲಿಸುವುದು ಬೇಡವಾದರೆ ಆಫ್ ಮಾಡಿ.

ನಿಮ್ಮ ಮನೆಯ ಚಿತ್ರವನ್ನು ಇನ್ಯಾರು ನೋಡುತ್ತಾರೆ ಎಂಬುದೂ ಪ್ರಶ್ನೆಯೇ. 2023ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಡೋರ್‌ಬೆಲ್ ಕಂಪನಿ ರಿಂಗ್ ಮೇಲೆ ದೂರು ಹೂಡಿತು. ಗ್ರಾಹಕರ ಖಾಸಗಿ ವಿಡಿಯೋಗಳನ್ನು ಸಿಬ್ಬಂದಿ ನೋಡಲು ಅವಕಾಶ ಇತ್ತು, ಹ್ಯಾಕರ್‌ಗಳನ್ನು ತಡೆಯುವ ಏರ್ಪಾಡು ಸಾಲದಾಗಿತ್ತು ಎಂಬುದು ಆರೋಪ. ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿ ಪ್ರಕರಣ ಇತ್ಯರ್ಥವಾಯಿತು. ಹಾಗಾಗಿ ಹಾಕುವ ದಿನವೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಆನ್ ಮಾಡಿ. ಖಾತೆಯನ್ನು ನಿಮ್ಮ ಮೊಬೈಲಿನಲ್ಲೇ ತೆರೆಯಿರಿ, ಫಿಟ್ ಮಾಡಲು ಬಂದವರ ಮೊಬೈಲಿನಲ್ಲಿ ಅಲ್ಲ. ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಬದಲಿಸಲು ಸರಿಯಾದ ಕ್ರಮ

1. ಕೊಳ್ಳುವ ಮೊದಲು ಹಳೇ ಇಂಟರ್‌ಕಾಂನ ಅಡಾಪ್ಟರ್ ಮೇಲೆ ಬರೆದಿರುವುದನ್ನು ಫೋಟೋ ತೆಗೆಯಿರಿ: ಎಷ್ಟು ವೋಲ್ಟ್, ಎಸಿಯೋ ಡಿಸಿಯೋ, ಎಷ್ಟು ಆಂಪಿಯರ್.
2. ಮೇನ್ ಮತ್ತು ಇನ್ವರ್ಟರ್ ಇಳಿಸಿ ಎಲೆಕ್ಟ್ರಿಷಿಯನ್‌ರಿಂದ ಮುಚ್ಚಳ ತೆಗೆಸಿ. ವೈರು ಬಿಚ್ಚುವ ಮುನ್ನ ಯಾವ ಬಣ್ಣ ಎಲ್ಲಿ ಹೋಗಿದೆ ಎಂದು ಒಳಗೂ ಹೊರಗೂ ಫೋಟೋ ತೆಗೆಯಿರಿ.
3. ಎಷ್ಟು ವೈರು, ಎಷ್ಟು ದಪ್ಪ, ಎಷ್ಟು ದೂರ, ಪೈಪಿನಲ್ಲಿದೆಯೇ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ.
4. ಬಾಗಿಲ ಬಳಿ ನಿಂತು, ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ವೈಫೈ ನೋಡಿ. ಅಲ್ಲಿ ವಿಡಿಯೋ ಕಾಲ್ ತಡವರಿಸಿದರೆ ಡೋರ್‌ಬೆಲ್ಲೂ ತಡವರಿಸುತ್ತದೆ. ದಪ್ಪ ಗೋಡೆ, ಕಬ್ಬಿಣದ ಬಾಗಿಲು ಸಿಗ್ನಲ್ ತಡೆಯುತ್ತವೆ.
5. ಬಿಸಿಲು ಮಳೆಗೆ ತೆರೆದ ಜಾಗವಾದರೆ ಐಪಿ65 ಅಥವಾ ಅದಕ್ಕೂ ಮೇಲಿನದು ಇರಲಿ. ಇದರಲ್ಲಿ 6 ಎಂದರೆ ಧೂಳು ಒಳಹೋಗದು, 5 ಎಂದರೆ ಎರಚುವ ನೀರನ್ನು ತಡೆಯುತ್ತದೆ. ಮಲೆನಾಡು, ಕರಾವಳಿಯವರಿಗೆ ಮೇಲೊಂದು ಪುಟ್ಟ ಮರೆಯೂ ಬೇಕು. ವೈರು ಕೆಳಗಿನಿಂದ ಒಳಹೋಗಲಿ. ಮೇಲೂ ಪಕ್ಕಗಳಲ್ಲೂ ಸಿಲಿಕೋನ್ ಹಚ್ಚಿ ಕೆಳಗೆ ಬಿಡಿ, ಒಳಗೆ ಸೇರಿದ ನೀರು ಇಳಿದುಹೋಗಲಿ.
6. ಎತ್ತರ ಸುಮಾರು ನಾಲ್ಕು ಅಡಿ ಇರಲಿ. ತೀರಾ ಮೇಲಿಟ್ಟರೆ ತಲೆ ಮಾತ್ರ ಕಾಣುತ್ತದೆ, ಮಕ್ಕಳ ಕೈಗೂ ಎಟುಕದು.
7. ರಾತ್ರಿ ಒಮ್ಮೆ, ಕರೆಂಟು ತೆಗೆದು ಒಮ್ಮೆ ಪರೀಕ್ಷಿಸಿ. ಆಮೇಲಷ್ಟೇ ಹಣದ ಲೆಕ್ಕ ಮುಗಿಸಿ.
8. ಬಳಸದೆ ಉಳಿದ ವೈರಿನ ತುದಿಗಳನ್ನು ಬೇರೆಬೇರೆಯಾಗಿ ಟೇಪ್ ಸುತ್ತಿ ಮುಚ್ಚಿಸಿ. ಹಳೇ ಇಂಟರ್‌ಕಾಂ ಇ-ತ್ಯಾಜ್ಯ, ಕಸದ ಬುಟ್ಟಿಗಲ್ಲ.

ವೈರು ಸರಿಯಿಲ್ಲ, ಗೋಡೆ ಮುಟ್ಟುವಂತಿಲ್ಲ, ಬಾಡಿಗೆ ಮನೆ ಎನ್ನುವವರಿಗೆ ಚಾರ್ಜ್ ಮಾಡಿ ಹಾಕುವ ಬ್ಯಾಟರಿ ಡೋರ್‌ಬೆಲ್ ಇದೆ. ಆಗಾಗ ಬಿಚ್ಚಿ ಚಾರ್ಜ್ ಮಾಡಬೇಕು, ಅಷ್ಟೇ.

ಹಂಚಿಕೊಳ್ಳುವುದಾದರೆ ಇದನ್ನು ಹಂಚಿಕೊಳ್ಳಿ

ನಮ್ಮ ಕಾಲಿಂಗ್ ಬೆಲ್ ವೈರಿನಲ್ಲಿ 230 ವೋಲ್ಟ್ ಇರುತ್ತದೆ, ಕೈ ಹಾಕಬೇಡಿ. ಇಂಟರ್‌ಕಾಂ ವೈರು ಕಡಿಮೆ ವೋಲ್ಟಿನದೇ ಎಂದು ಅಳೆದ ಮೇಲೆಯೇ ನಂಬಿ. ವೋಲ್ಟೇಜು, ಎಸಿ-ಡಿಸಿ, ವೈರಿನ ದಪ್ಪ ಮೂರೂ ಹೊಂದಿದರೆ ಮಾತ್ರ ಹಳೇ ವೈರು ಬಳಸಬಹುದು. ಅಪಾರ್ಟ್‌ಮೆಂಟಿನ ಇಂಟರ್‌ಕಾಂ ತೆಗೆಯಬೇಡಿ. ಪಕ್ಕದ ಮನೆಯ ಬಾಗಿಲಿಗೆ ಕ್ಯಾಮೆರಾ ತಿರುಗಿಸಬೇಡಿ.

ಹತ್ತು ನಿಮಿಷದ ಕೆಲಸ ಎಂದವರ ವಿಡಿಯೋದಲ್ಲಿ ಇರುವುದು ಅವರ ಮನೆಯ ವೈರು. ನಿಮ್ಮ ಗೋಡೆಯೊಳಗೆ ಇರುವುದೇನೆಂದು ಮಲ್ಟಿಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಗೊತ್ತಾಗುತ್ತದೆ.